ಕಟ್ಟೆಯ ಮೇಲೆ ಸುಮ್ಮನೆ ಕುಳಿತವನು

ನವಲಗುಂದ, ಅಣ್ಣಿಗೇರಿಗಳ ಸುತ್ತಲಿನ ಎರೆಭೂಮಿಯಲ್ಲಿ ಗುಡಿಯ ಕಟ್ಟೆಯಿಲ್ಲದ ಊರು ದೊರೆಯುವದು ದುರ್ಲಭವು. ಬಿತ್ತಿಗೆ ಮುಗಿದು ಮಳೆಯ ದಾರಿ ನೋಡುವ ದಿನಗಳಲ್ಲಿ ಒಕ್ಕಲಿಗನು ಅಲ್ಲಿ ತಾಸುಗಟ್ಟಲೆ ಕುಳಿತಿರುವನು. ಏಕೆಂದು ಅವನನ್ನು ಯಾರೂ ಕೇಳುವದಿಲ್ಲ. ಅದೇ ಕಟ್ಟೆಯ ಮೇಲೆ ಗುರುತಿಲ್ಲದ ಅಲೆಮಾರಿಯೊಬ್ಬನು ಬಂದು ಕುಳಿತರೆ, “ಯಾವೂರಪಾ? ಇಲ್ಲೇನ ಕೆಲಸ?” ಎಂಬ ಪ್ರಶ್ನೆಯು ಕೂಡಲೆ ಏಳುವದು. ಇಬ್ಬರೂ ಸುಮ್ಮನೆಯೇ ಕುಳಿತಿರುವರು. ಒಬ್ಬನ ಬಿಡುವು ವಿಶ್ರಾಂತಿಯೆನಿಸಿ, ಮತ್ತೊಬ್ಬನದು ಹೊಂಚೆನಿಸುವದು ಯಾವ ನ್ಯಾಯದಿಂದ?

ಈ ಭೇದವು ಜನರ ಮನಸ್ಸಿನಲ್ಲಿ ಮಾತ್ರವಲ್ಲ, ಶಾಸನದಲ್ಲಿಯೂ ಇದ್ದಿತು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 109ನೆಯ ಕಲಮು, ಉಪಜೀವನದ ಸಾಧನವು ಕಾಣದವನಿಂದಲೂ ತನ್ನ ವಿಷಯವಾಗಿ ಸಮಾಧಾನಕರವಾದ ಉತ್ತರ ಕೊಡಲಾರದವನಿಂದಲೂ ಒಂದು ವರ್ಷದ ವರೆಗೆ ಸದ್ವರ್ತನೆಯ ಜಾಮೀನು ಕೇಳುತ್ತಿದ್ದಿತು. ಜಾಮೀನು ಕೊಡಲಾರದ ಬಡವನಿಗೆ ಸೆರೆಮನೆಯೇ ಗತಿಯಾಗುತ್ತಿದ್ದಿತು. ಅಪರಾಧಿ ಬುಡಕಟ್ಟುಗಳ ಶಾಸನವಂತೂ ಇನ್ನೂ ಮುಂದಕ್ಕೆ ಹೋಯಿತು. 1871ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ಮೊದಲಾದ ಅದು, 1911ರ ಹೊಸ ಶಾಸನದಿಂದ ಮುಂಬಯಿ ಇಲಾಖೆಯಲ್ಲಿದ್ದ ಈ ಸೀಮೆಗೂ ಬಂದಿತು. ಹರಣಶಿಕಾರಿ, ಗಂಟಿಚೋರ ಮೊದಲಾದವರು ಹುಟ್ಟಿನಿಂದಲೇ ಸಂಶಯಕ್ಕೊಳಗಾದರು. ಹೆಸರು ನೋಂದಿಸಲ್ಪಟ್ಟವನು ಕಳವಿಗೆ ಸಮಯ ಕಾಯುತ್ತಿದ್ದನೆಂದು ಕೋರ್ಟಿಗೆ ತೋರಿದರೆ, 1924ರ ಶಾಸನದಂತೆ ಮೂರು ವರ್ಷಗಳ ವರೆಗೆ ಶಿಕ್ಷೆಯಾಗಬಹುದಾಗಿದ್ದಿತು. ಕಾಯುವದೇ ಅಪರಾಧವಾಯಿತು!

ಹಳ್ಳಿಗನ ಅಂಜಿಕೆಯು ಸುಳ್ಳೆಂದು ಹೇಳಲಾಗದು. ಕಣದಲ್ಲಿ ರಾಶಿ ಬಿದ್ದಿರುವಾಗ ರಾತ್ರಿ ಅಪರಿಚಿತನು ಸುಳಿದಾಡಿದರೆ ಯಾವ ಒಕ್ಕಲಿಗನು ನಿಶ್ಚಿಂತನಾಗಿ ಮಲಗುವನು? ಕಳವಾದ ಮೇಲೆ ಹುಡುಕುವದಕ್ಕಿಂತ ಮೊದಲೇ ತಡೆಯುವದು ಜಾಣತನವು. ಆದರೆ ತಡೆಯಲು ಕೃತಿಯ ಗುರುತು ಬೇಕು. ಕುಲದ, ಅರಿವೆಯ, ಬಡತನದ ಗುರುತು ಸಾಲದು. 1973ರ ಸಂಹಿತೆಯು ಈ ವಿವೇಕವನ್ನು ತೋರಿತು. ಉಪಜೀವನ ಕಾಣದವನ ಮಾತನ್ನು ತೆಗೆದುಹಾಕಿ, ಅಪರಾಧದ ಉದ್ದೇಶದಿಂದ ಅಡಗಿರುವವನನ್ನು ಮಾತ್ರ ಉಳಿಸಿಕೊಂಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದೇ ದಾರಿ ಹಿಡಿದಿದೆ.

ಕಾಯಕವನ್ನು ಕಲಿಸಿದ ಶರಣರ ನಾಡಿನಲ್ಲಿ ಸೋಮಾರಿಗೆ ಕಟ್ಟಳೆಯಿಲ್ಲದಿದ್ದರೆ ಹೇಗೆಂದು ಕೆಲವರು ಕೇಳಬಹುದು. ಕಾಯಕವು ಮನುಷ್ಯನು ತನಗೆ ತಾನೇ ವಿಧಿಸಿಕೊಳ್ಳುವ ನೇಮವು. ಅನ್ಯರ ಬೆನ್ನಿಗೆ ಎತ್ತುವ ಬಾರಕೋಲಲ್ಲ. ಯಾರನ್ನು ಊರು ನಂಬಿ ಕೆಲಸಕ್ಕೆ ಕರೆಯಲಿಲ್ಲವೋ, ಅವನನ್ನೇ ಕೆಲಸವಿಲ್ಲದವನೆಂದು ದಂಡಿಸುವದು ಎರಡು ಸಲ ಅನ್ಯಾಯ ಮಾಡಿದಂತೆ.

ಬುಡಕಟ್ಟುಗಳ ಆ ಶಾಸನವು 1952ರಲ್ಲಿ ರದ್ದಾಯಿತು. ನೋಂದಿತ ಕುಟುಂಬಗಳನ್ನು ಕಾವಲಿನಲ್ಲಿಟ್ಟಿದ್ದ ಹುಬ್ಬಳ್ಳಿಯ ಭಾಗಕ್ಕೆ ‘ಸೆಟ್ಲಮೆಂಟ್’ ಎಂಬ ಹೆಸರು ಮಾತ್ರ ಉಳಿದಿದೆ. ಹೆಸರಿನಂತೆ ಸಂಶಯವೂ ಶಾಸನಕ್ಕಿಂತ ಹೆಚ್ಚು ದಿನ ಬಾಳುವದು. ಅದನ್ನು ರದ್ದುಪಡಿಸುವ ಅಧಿಕಾರವು ಕಟ್ಟೆಯ ಮೇಲೆ ಕುಳಿತವರಿಗೇ ಸೇರಿದೆ. ಮನೆಗೆ ಬಂದವನಿಗೆ ಬೆಲ್ಲ, ನೀರು ಕೊಟ್ಟು ಆಮೇಲೆ ಊರು ಕೇಳುವದು ಈ ಸೀಮೆಯ ಹಳೆಯ ರೂಢಿ. ಕಟ್ಟೆಗೆ ಬಂದವನಿಗೂ ಅದೇ ಕ್ರಮವು ಸಲ್ಲಲಿ. ಪ್ರಶ್ನೆಯು ಬೇಡವೆಂದಲ್ಲ, ಅದಕ್ಕಿಂತ ಮೊದಲು ನೀರಿರಲಿ.