ಖಾಲಿ ದಾರಿಯ ಋಣ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಬಯಲುಸೀಮೆಯವರೇ ಕಟ್ಟಿರಬೇಕು. ಬೆಟ್ಟದಲ್ಲಿ ಹುಟ್ಟಿ ಬೆಳೆದು, ಸೈಕಲ್ಲು ತುಳಿದು ಏರುದಾರಿ ಸವೆಸಿದವರ ಮೊಣಕಾಲಿಗೆ ಹತ್ತಿರದ ಬೆಟ್ಟ ಎಷ್ಟು ಒರಟೆಂಬುದು ಗೊತ್ತು. ನೀಲಗಿರಿಯ ಕೋಟಗಿರಿ ಸೀಮೆಯ ಶಾಲೆಯೊಂದರಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು ನಾನು. ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದರು. ನುಡಿ ಮತ್ತು ಗಡಿಗಳ ವಿಚಾರವನ್ನು ನನಗಿಂತ ಬಲ್ಲವರು ಬರೆಯುತ್ತಾರೆ. ಆದ್ದರಿಂದ ಬಹುಕಾಲದಿಂದ ನನ್ನನ್ನು ಬಿಡದೆ ಕಾಡುತ್ತಿರುವ ಒಂದು ಸಣ್ಣ ಪ್ರಶ್ನೆಯನ್ನು ಓದುಗ ಬಂಧುಗಳ ಮುಂದಿಡುತ್ತೇನೆ. ವಾಹನಗಳಿಲ್ಲದ ಬೆಟ್ಟದ ದಾರಿಯಲ್ಲಿ ಸೈಕಲ್ಲು ತುಳಿಯುವಾಗ ಒದಗುವ ನೆಮ್ಮದಿಗೆ ಬೆಲೆ ತೆತ್ತವರು ಯಾರು?

ಪ್ರಶ್ನೆಗೆ ಕಿಡಿ ತಾಗಿದ್ದು ಮೊಮ್ಮಗನಿಂದ. ಯುರೋಪಿನಲ್ಲಿ ಓದುತ್ತಿರುವ ಅವನು ಕಳೆದ ವರ್ಷ ಗೆಳೆಯರೊಡನೆ ದಕ್ಷಿಣ ಸ್ಪೇನಿನ ಆಂದಲೂಸಿಯಾ ಪ್ರಾಂತಕ್ಕೆ ಸೈಕಲ್ ಪ್ರವಾಸ ಹೋಗಿದ್ದ. ಒಲ್ವೆರಾ ಎಂಬ ಬೆಟ್ಟದ ಊರಿನಿಂದ ಪ್ವೆರ್ತೊ ಸೆರ್ರಾನೊ ಎಂಬ ಊರಿಗೆ 36 ಕಿ.ಮೀ. ಉದ್ದದ ದಾರಿಯೊಂದಿದೆ. ಅದರಲ್ಲಿ 30 ಸುರಂಗಗಳು, ನಾಲ್ಕು ಎತ್ತರದ ಸೇತುವೆಗಳು. ಕಡಿದಾದ ಬಂಡೆಬೆಟ್ಟವೊಂದರ ಮೇಲೆ ರಣಹದ್ದುಗಳ ದೊಡ್ಡ ನೆಲೆ. "ತಾತ, ಆ ದಾರಿಯಲ್ಲಿ ಒಂದೇ ಒಂದು ಕಾರಿಲ್ಲ. ಹದ್ದಿನ ರೆಕ್ಕೆಯ ಸದ್ದು ಕೇಳಿಸುತ್ತದೆ" ಎಂದು ಅವನು ದೂರವಾಣಿಯಲ್ಲಿ ಹೇಳಿದಾಗ ಈ ವಯಸ್ಸಿನಲ್ಲಿಯೂ ನನಗೆ ಹೊಟ್ಟೆಕಿಚ್ಚಾಯಿತು.

ಅದು ರೈಲಿಗಾಗಿ ಕಡಿದ ದಾರಿ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಜಾರುವುದರಿಂದ ರೈಲು ಕಡಿದಾದ ಏರನ್ನು ಹತ್ತಲಾರದು. ಹೀಗಾಗಿ ಇಂಜಿನಿಯರರು ಬೆಟ್ಟವನ್ನು ಬಳಸಿ, ಕೊರೆದು, ಕಣಿವೆಗೆ ಸೇತುವೆ ಕಟ್ಟಿ, ಹಳಿಯನ್ನು ಆದಷ್ಟು ಮಟ್ಟವಾಗಿ ಒಯ್ಯುತ್ತಾರೆ. ನಮ್ಮ ನೀಲಗಿರಿ ರೈಲಿನಲ್ಲಿ ಅದು ಸಾಧ್ಯವಾಗಲಿಲ್ಲ. ಕಲ್ಲಾರಿನಿಂದ ಕೂನೂರಿನವರೆಗೆ ಪ್ರತಿ ಹನ್ನೆರಡೂವರೆ ಅಡಿಗೆ ಒಂದಡಿಯವರೆಗೂ ಏರುವುದರಿಂದ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ ಹತ್ತಿಸಬೇಕಾಯಿತು. 1899ರಲ್ಲಿ ಕೂನೂರಿಗೆ, 1908ರಲ್ಲಿ ಉದಕಮಂಡಲಕ್ಕೆ ಬಂದ ಆ ರೈಲು ಇಂದಿಗೂ ಹಾಗೆಯೇ ಏದುಸಿರು ಬಿಡುತ್ತ ಬರುತ್ತದೆ. ಸ್ಪೇನಿನವರು 1993ರಿಂದ ತಮ್ಮ ಪಾಳುಬಿದ್ದ ರೈಲುದಾರಿಗಳನ್ನು 'ವಿಯಾ ವೆರ್ದೆ', ಅಂದರೆ ಹಸಿರು ದಾರಿ ಎಂಬ ಹೆಸರಿನಲ್ಲಿ ನಡೆಯುವವರಿಗೂ ಸೈಕಲ್ ಸವಾರರಿಗೂ ಸಜ್ಜುಗೊಳಿಸುತ್ತ ಬಂದಿದ್ದಾರೆ. ಇಂದು ಅಂತಹ ದಾರಿಗಳು ಒಟ್ಟು 3,000 ಕಿ.ಮೀ.ಗೂ ಹೆಚ್ಚು. ಬೆಟ್ಟದ ನಡುವೆಯೂ ಏರು ಹಿತಮಿತವಾಗಿರುವುದರಿಂದ ಮಕ್ಕಳೂ ಮುದುಕರೂ ಅಲ್ಲಿ ಸೈಕಲ್ಲು ತುಳಿಯಬಲ್ಲರು.

ಮೊಮ್ಮಗನ ಮಾತು ಕೇಳಿ ನನಗೆ ಎರಡು ಖಾಲಿ ದಾರಿಗಳು ನೆನಪಾದವು. ಎರಡೂ ನಮ್ಮ ಬೆಟ್ಟದವೇ.

ಮೊದಲನೆಯದು ಎಪ್ಪತ್ತರ ದಶಕದ್ದು. ಹೊಸದಾಗಿ ಕೆಲಸಕ್ಕೆ ಸೇರಿದ ನಾನು ಕೈದಾಟಿ ಬಂದ ಸೈಕಲ್ಲೊಂದನ್ನು ಕೊಂಡು ಶಾಲೆಗೆ ಹೋಗಿಬರುತ್ತಿದ್ದೆ. ಗೇರಿಲ್ಲದ ಗಾಡಿ, ಏರಿನಲ್ಲಿ ಅದನ್ನು ನಾನು ತಳ್ಳುತ್ತಿದ್ದೆ, ಇಳಿಜಾರಿನಲ್ಲಿ ಅದು ನನ್ನನ್ನು ತಳ್ಳುತ್ತಿತ್ತು. ಬೆಳಗಿನ ಮಂಜಿನಲ್ಲಿ ಎದುರಾಗುತ್ತಿದ್ದವರು ಹಾಲಿನ ಕ್ಯಾನು ಹೊತ್ತವರು, ಚಹಾ ತೋಟಕ್ಕೆ ಹೊರಟ ಹೆಂಗಸರು, ಹೊತ್ತಿಗೊಂದು ಬಸ್ಸು, ಅಷ್ಟೆ. ಆ ದಿನಗಳ ಶಾಂತಿಯನ್ನು ನಾನು ಸಭೆಗಳಲ್ಲಿ ಎಷ್ಟೋ ಸಲ ಕೊಂಡಾಡಿದ್ದೇನೆ. ಆದರೆ ಆ ದಾರಿ ಖಾಲಿಯಿದ್ದುದು ಏಕೆ? ಹಟ್ಟಿಯ ಜನರ ಕೈಯಲ್ಲಿ ಕಾಸಿರಲಿಲ್ಲ. ಹೆರಿಗೆಯ ನೋವು ಬಂದ ಹೆಣ್ಣುಮಗಳನ್ನು ಕಂಬಳಿಯ ಡೋಲಿಯಲ್ಲಿ ಹೊತ್ತು ಆಸ್ಪತ್ರೆಗೆ ಓಡುತ್ತಿದ್ದವರನ್ನು ಅದೇ ದಾರಿಯಲ್ಲಿ ಕಂಡಿದ್ದೇನೆ. ನನ್ನ ಪಾಲಿನ ಶಾಂತಿ ಅವರ ಪಾಲಿನ ಅಸಹಾಯಕತೆಯಾಗಿತ್ತು.

ಎರಡನೆಯದು 2020ರದು. ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿತು. ಏಪ್ರಿಲ್, ಮೇ ನಮ್ಮಲ್ಲಿ ಸೀಸನ್ ಕಾಲ. ಬೇರೆ ವರ್ಷಗಳಲ್ಲಿ ಪ್ರವಾಸಿಗರ ವಾಹನಗಳು ಘಾಟಿಯಿಂದ ಪೇಟೆಯವರೆಗೆ ಸಾಲುಗಟ್ಟಿರುತ್ತವೆ. ಆ ವರ್ಷ ಒಂದೂ ಇಲ್ಲ. ರಕ್ತದೊತ್ತಡದ ಮಾತ್ರೆ ತರಲೆಂದು ಮೂಲೆಯಲ್ಲಿದ್ದ ಸೈಕಲ್ಲನ್ನು ಒರೆಸಿ, ಗಾಳಿ ತುಂಬಿ ಹೊರಟೆ. ನಲವತ್ತು ವರ್ಷಗಳ ಬಳಿಕ ಅದೇ ದಾರಿಯಲ್ಲಿ ಹಕ್ಕಿಯ ದನಿ, ಬದಿಯ ತೊರೆಯ ಸದ್ದು, ನನ್ನದೇ ಉಸಿರು ಕೇಳಿಸಿದವು. ಮನೆಗೆ ಬಂದು ಹೆಂಡತಿಗೆ, "ಸ್ವರ್ಗ ಮರಳಿ ಬಂದಿದೆ ನೋಡು" ಎಂದೆ. ಮರುವಾರವೂ ನೆಪ ಹುಡುಕಿಕೊಂಡು ಹೋದೆ.

ಆ ದಿನ ತಿರುವಿನ ಮೋರಿಕಟ್ಟೆಯ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕುಳಿತಿದ್ದ. ಸಾಲ ಮಾಡಿ ಟ್ಯಾಕ್ಸಿ ಕೊಂಡು ಪ್ರವಾಸಿಗರನ್ನು ಸುತ್ತಾಡಿಸಿ ಸಂಸಾರ ನಡೆಸುತ್ತಿದ್ದವನು. ಎದ್ದು ನಿಂತು ಕೈಮುಗಿದ. "ಸಾರ್, ಈಗ ನಿಮಗೆ ರಸ್ತೆ ಅನುಕೂಲವಾಯಿತು ಅಲ್ಲವೇ?" ಎಂದ. ಕುಹಕವಿರಲಿಲ್ಲ, ಮೇಷ್ಟರ ಸಂತೋಷ ಕಂಡು ನಿಜವಾಗಿಯೇ ಸಂತೋಷಪಟ್ಟು ಆಡಿದ ಮಾತು. ನಾನು ಅವನ ಯೋಗಕ್ಷೇಮ ವಿಚಾರಿಸಿದೆ. "ಗಾಡಿ ನಿಂತು ಐವತ್ತು ದಿನವಾಯಿತು ಸಾರ್. ಕಂತು ಮುಂದಕ್ಕೆ ಹೋಯಿತು, ಬಡ್ಡಿ ನಿಂತಿಲ್ಲ" ಎಂದ. ಆ ವರ್ಷದ ಕೊನೆಗೆ ಅವನು ಟ್ಯಾಕ್ಸಿಯನ್ನು ಮಾರಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ತರಗತಿಯಲ್ಲಿ ಅರ್ಥ ಬಿಡಿಸಿ ಹೇಳಿದವನೇ ನಾನು. ಆ ಬೆಳಿಗ್ಗೆ ಬೆಕ್ಕು ನಾನೇ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಹಾಗಾದರೆ ವಾಹನಗಳ ಗದ್ದಲವೇ ಲೇಸೆಂದು ತೀರ್ಮಾನಿಸಬೇಕೇ? ಅದೂ ಸರಿಯಲ್ಲ. ಗದ್ದಲಕ್ಕೂ ಬೆಲೆ ತೆರುವವರಿದ್ದಾರೆ. ಮೇ ತಿಂಗಳ ಸಾಲಿನಲ್ಲಿ ಆಂಬ್ಯುಲೆನ್ಸು ಸಿಕ್ಕಿಕೊಂಡರೆ ಡೋಲಿಯ ಕಾಲಕ್ಕಿಂತ ನಾವು ಮುಂದೆ ಬಂದೆವೆಂದು ಹೇಗೆ ಹೇಳುವುದು? ಶಾಲೆಯ ಮಕ್ಕಳು ರಸ್ತೆ ದಾಟಲಾರದೆ ನಿಲ್ಲುವುದನ್ನು ಕಂಡಿದ್ದೇನೆ. ಬೆಟ್ಟಕ್ಕೂ ತಾಳಿಕೆಯ ಮಿತಿಯಿದೆ. ಅದಕ್ಕಾಗಿಯೇ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ಸ್ಥಳೀಯರ ವಾಹನಗಳಿಗೂ ಸರಕಾರಿ ಬಸ್ಸುಗಳಿಗೂ ವಿನಾಯಿತಿ ಇದೆ. ವಿಹಾರಕ್ಕೆ ಬರುವವನ ಅಗತ್ಯವೂ ಇಲ್ಲಿ ಬಾಳುವವನ ಅಗತ್ಯವೂ ಒಂದೇ ತೂಕದವಲ್ಲ ಎಂಬ ವಿವೇಕ ಆ ವಿನಾಯಿತಿಯಲ್ಲಿದೆ. ಆದರೂ ಪ್ರವಾಸಿಗರನ್ನೇ ನಂಬಿದ ಸಣ್ಣ ಅಂಗಡಿಯವನ ಆತಂಕವನ್ನು ನಾವು ಸುಳ್ಳೆನ್ನುವಂತಿಲ್ಲ.

ಹೀಗೆ ಯೋಚಿಸುತ್ತ ಮತ್ತೆ ಸ್ಪೇನಿನ ಆ ದಾರಿಗೆ ಬಂದೆ. ಮೊಮ್ಮಗನನ್ನು ಕೆದಕಿ ಕೇಳಿದಾಗ ಅವನು ಇನ್ನೊಂದು ಸಂಗತಿ ಹೇಳಿದ. 1920ರ ದಶಕದಲ್ಲಿ ಆರಂಭವಾದ ಆ ರೈಲುಮಾರ್ಗದ ಕಾಮಗಾರಿ ಪೂರ್ಣಗೊಳ್ಳಲೇ ಇಲ್ಲ. ಸುರಂಗ ಕೊರೆದರು, ಸೇತುವೆ ಕಟ್ಟಿದರು, ನಿಲ್ದಾಣಗಳೂ ಎದ್ದವು. ರೈಲು ಮಾತ್ರ ಒಂದು ದಿನವೂ ಓಡಲಿಲ್ಲ. ಅಂದರೆ ಅಲ್ಲಿಯ ನೆಮ್ಮದಿಯ ತಳದಲ್ಲಿಯೂ ಬಾರದ ರೈಲಿಗಾಗಿ ಕಾದವರ ನಿರಾಶೆಯಿದೆ. ಋಣವಿಲ್ಲದ ಖಾಲಿ ದಾರಿ ಎಲ್ಲಿಯೂ ಇಲ್ಲವೆಂದು ಆಗ ತಿಳಿಯಿತು.

ಆದರೆ ಅಲ್ಲಿಯವರು ಆ ಋಣವನ್ನು ತೀರಿಸಲು ಒಂದು ಬಗೆ ಕಂಡುಕೊಂಡರು. ಯಾರ ರಸ್ತೆಯನ್ನೂ ಕಿತ್ತುಕೊಳ್ಳದೆ, ಬಿದ್ದಿದ್ದ ದಾರಿಯನ್ನೇ ಎತ್ತಿ ನಿಲ್ಲಿಸಿದರು. ಶುಲ್ಕವಿಡದೆ ಎಲ್ಲರಿಗೂ ತೆರೆದಿಟ್ಟರು. ರೈಲು ಬಾರದ ನಿಲ್ದಾಣಗಳಲ್ಲಿ ಕೆಲವು ಇಂದು ಊಟದ ಮನೆಗಳು, ತಂಗುದಾಣಗಳು. ಸೈಕಲ್ಲಿನವನು ಕಾರಿನವನಂತೆ ಸರ್ರನೆ ದಾಟಿಹೋಗಲಾರ. ಹಸಿಯುತ್ತಾನೆ, ದಣಿಯುತ್ತಾನೆ, ನಿಲ್ಲುತ್ತಾನೆ. ನಿಂತಲ್ಲಿ ನಾಲ್ಕು ಕಾಸು ಬಿಡುತ್ತಾನೆ, ನಾಲ್ಕು ಮಾತಾಡುತ್ತಾನೆ. ನಮ್ಮ ಶರಣರು ಹೇಳಿದ ದಾಸೋಹದ ಭಾವವೂ ಇದೇ ಅಲ್ಲವೇ? ಸಮಾಜದಿಂದ ಪಡೆದುದನ್ನು ಸಮಾಜಕ್ಕೆ ಹಂಚಿ ಉಣ್ಣುವುದು.

ಆದುದರಿಂದ ನನ್ನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರವಿದು. ದಾರಿಯ ಮೌನ ತನ್ನಷ್ಟಕ್ಕೆ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದು ಯಾರ ನಷ್ಟದಿಂದ ಬಂದಿತು, ಈಗ ಯಾರಿಗೆಲ್ಲ ತೆರೆದಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡೇ ಅದನ್ನು ಸವಿಯಬೇಕು. ಕೇಳಿಕೊಂಡವನು ನೆಮ್ಮದಿಯನ್ನು ಕಳೆದುಕೊಳ್ಳುವುದಿಲ್ಲ. ಆದರೆ ಅದನ್ನು ತನ್ನ ಹಕ್ಕೆಂದು ಭಾವಿಸುವುದನ್ನು ಬಿಡುತ್ತಾನೆ.

ನಾನು ಈಗಲೂ ವಾರಕ್ಕೊಮ್ಮೆ ಮಟ್ಟಸವಾದ ಒಂದೆರಡು ಮೈಲಿ ಸೈಕಲ್ಲು ತುಳಿಯುತ್ತೇನೆ. ಹಟ್ಟಿಯ ಪೆಟ್ಟಿಗೆ ಅಂಗಡಿಯಲ್ಲಿ ಚಹಾ ಕುಡಿಯದೆ ಮರಳುವುದಿಲ್ಲ. ಟ್ಯಾಕ್ಸಿ ಮಾರಿದ ನನ್ನ ವಿದ್ಯಾರ್ಥಿ ಈಗ ಹಸಿರೆಲೆಯನ್ನು ಕಾರ್ಖಾನೆಗೆ ಸಾಗಿಸುವ ಲಾರಿ ಓಡಿಸುತ್ತಾನೆ. ತಿರುವಿನಲ್ಲಿ ಹಾರನ್ ಕೇಳಿಸಿದರೆ ಮೊದಲೆಲ್ಲ ಮುಖ ಸಿಂಡರಿಸುತ್ತಿದ್ದೆ. ಈಗ ಸೈಕಲ್ಲಿನಿಂದಿಳಿದು ಅಂಚಿಗೆ ಸರಿದು ನಿಲ್ಲುತ್ತೇನೆ. ಲಾರಿ ನಿಧಾನವಾಗುತ್ತದೆ, ಕಿಟಕಿಯಿಂದ ಒಂದು ಕೈ ಹೊರಬಂದು ನಮಸ್ಕರಿಸುತ್ತದೆ. ಅದು ಮುಂದೆ ಹೋಗಿ ಸದ್ದಡಗಿದ ಮೇಲೆ ಹಕ್ಕಿಯ ದನಿ ಮತ್ತೆ ಕೇಳಿಸುತ್ತದೆ. ಅಷ್ಟು ಹೊತ್ತು ಕಾಯುವುದು ನನಗೇನೂ ಭಾರವಲ್ಲ.