ಸೇವೆಯ ಲೆಕ್ಕ

ಹೊನ್ನಾಳಿಯ ವೃದ್ಧ ದಂಪತಿಗಳು ಧರ್ಮಸೇವೆಗೆಂದು ಲಂಡನ್ನಿಗೆ ಹೋಗಿ, ಎರಡು ವರ್ಷವಿದ್ದು ಮರಳಿದ್ದಾರೆ. ಥೇಮ್ಸ್ ದಡದಲ್ಲಿ 2015ರಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡ ಊರು ಅದು. ನಿವೃತ್ತ ಉಪಾಧ್ಯಾಯರಾದ ಯಜಮಾನರು ಭಾನುವಾರಗಳಂದು ವಚನಗಳ ಅರ್ಥ ಹೇಳುತ್ತಿದ್ದರಂತೆ. ಅವರ ಮನೆಯವರು ಬಂದವರಿಗೆಲ್ಲ ಅಡಿಗೆ ಮಾಡಿ, ಬಡಿಸಿ, ಪಾತ್ರೆ ತೊಳೆದು, ತವರು ನೆನೆದು ಅತ್ತ ಹೆಣ್ಣುಮಕ್ಕಳನ್ನು ಸಂತೈಸುತ್ತಿದ್ದರಂತೆ. ಊರಿನಲ್ಲಿ ಸನ್ಮಾನವಾದಾಗ ಶಾಲು, ಹಾರ ಯಜಮಾನರಿಗೆ. ಆಕೆಗೆ 'ಸಹಕರಿಸಿದರು' ಎಂಬ ಒಂದು ಮಾತು.

ಈ ಲೆಕ್ಕ ಹೊಸದೇನಲ್ಲ. ಬಾಸೆಲ್ ಮಿಷನ್ನಿನ ಮೋಗ್ಲಿಂಗರು 1836ರಲ್ಲಿ ಮಂಗಳೂರಿಗೆ ಬಂದುದನ್ನೂ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದುದನ್ನೂ ನಾವು ಬಲ್ಲೆವು. 1860ರಲ್ಲಿ ಅವರು ಪತ್ನಿಯ ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದರು. ಆ ತಾಯಿ ಪರನಾಡಿನಲ್ಲಿ ದುಡಿದುದೆಷ್ಟು, ನೊಂದುದೆಷ್ಟು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಹಾಗಾದರೆ ಧರ್ಮಪ್ರಸಾರವೆಂದರೆ ಮಾತೋ, ಅನ್ನವೋ? ಎರಡೂ ಎಂದುಬಿಡುವುದು ಸುಲಭ. ಸಮವಾಗಿ ತೂಗುವುದು ಕಷ್ಟ. ಶರಣರು ತೂಗಿದ್ದರು. 12ನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದು ಆಸೆಯೆಂದು ತಿಳಿಹೇಳಿ, ಮರಳಿ ಸುರಿದು ಬರುವಂತೆ ಕಳುಹಿಸಿದವಳು ಮಡದಿ ಲಕ್ಕಮ್ಮ. ಅಲ್ಲಿ ಅವಳು ಸಹಾಯಕಳಲ್ಲ, ಗಂಡನ ಕಾಯಕಕ್ಕೆ ಕಣ್ಣು.

ಮೊನ್ನೆ ಆ ತಾಯಿಯನ್ನು ಕೇಳಿದೆ: "ಅಲ್ಲಿ ಏನು ಮಾಡುತ್ತಿದ್ದಿರಿ, ಅಮ್ಮ?"

"ಇಲ್ಲಿ ಮಾಡಿದ್ದನ್ನೇ ಅಲ್ಲೂ ಮಾಡಿದೆನಪ್ಪ" ಎಂದರು.

ನನಗೆ ನಾಚಿಕೆಯಾಯಿತು. ಸನ್ಮಾನದ ದಿನ ಒಂದೇ ಶಾಲಿಗೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.