ಸೀಗಡಿಯ ಕಣ್ಣು

ಜಮಖಂಡಿಯಿಂದ ಸಮುದ್ರ ದೂರ. ನಮ್ಮ ಕಡೆಯ ಬಹಳ ಜನ ಸೀಗಡಿಯನ್ನು ಕಂಡಿದ್ದರೆ ಸಂತೆಯಲ್ಲಿ, ಒಣಗಿದ ರಾಶಿಯಾಗಿ ಕಂಡಿರುತ್ತಾರೆ. ನನಗೆ ಪರಿಚಯವಿದ್ದ ಸೀಗಡಿ ಬೇರೆ: ಮೇಣದ ತಟ್ಟೆಯ ಮೇಲೆ ಗುಂಡುಸೂಜಿ ಚುಚ್ಚಿಸಿಕೊಂಡು ಮಲಗಿದ್ದು. ಪ್ರಾಣಿಶಾಸ್ತ್ರ ಕಲಿಸಿ ಹೊಟ್ಟೆ ಹೊರೆದವನು ನಾನು. ವರ್ಷಕ್ಕೊಮ್ಮೆ ಬೆಳಗಾವಿಯಿಂದ ಬಸ್ಸಿನಲ್ಲಿ ಮಂಜುಗಡ್ಡೆಯ ಡಬ್ಬಿ ಬರುತ್ತಿತ್ತು. ಹುಡುಗರು ಸೀಗಡಿಯ 19 ಜೋಡಿ ಉಪಾಂಗಗಳನ್ನು ಬಿಡಿಸಿ, ಕಾಗದದ ಮೇಲೆ ಸಾಲಾಗಿ ಇಟ್ಟು, ಹೆಸರು ಬರೆದು ಅಂಕ ಗಳಿಸುತ್ತಿದ್ದರು.

1997ರ ಪ್ರಾಯೋಗಿಕ ಪರೀಕ್ಷೆಯಲ್ಲಿ ಜೈನರ ಮನೆಯ ಹುಡುಗಿಯೊಬ್ಬಳು ಕತ್ತರಿ ಮುಟ್ಟದೆ ನಿಂತಳು.

“ಯಾಕವಾ, ಚಾಲೂ ಮಾಡು” ಅಂದೆ.

“ನನ್ನ ಕೈಲೆ ಆಗಂಗಿಲ್ರಿ ಸರ್.”

“ಸತ್ತದ್ದು ಐತಿ. ಅದಕ್ಕೇನೂ ತಿಳಿಯಂಗಿಲ್ಲ.”

“ಯಾರ ಸಲುವಾಗಿ ಸತ್ತೈತ್ರಿ ಸರ್ ಅದು?”

ಅಂಕಪಟ್ಟಿಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ಛೇದನದ ಸಾಲಿನಲ್ಲಿ ಸೊನ್ನೆ ಹಾಕಿದೆ. ಅವಳಿಗೆ ಪ್ರಥಮ ದರ್ಜೆ ತಪ್ಪಿತು. 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಪ್ರಾಣಿಗಳನ್ನು ಕೊಯ್ಯುವ ಪಾಠ ನಿಲ್ಲಿಸಿರೆಂದು ಹೇಳಿದಾಗ ನನಗೆ ಮೊದಲು ನೆನಪಾದದ್ದು ಆ ಸೊನ್ನೆ.

ಅವಳು ಪ್ರಾಣಿಶಾಸ್ತ್ರವನ್ನೇ ಬಿಟ್ಟಿರುತ್ತಾಳೆ ಎಂದುಕೊಂಡಿದ್ದೆ. ಬಿಟ್ಟಿರಲಿಲ್ಲ. ಈಚೆಗೊಂದು ದೀಪಾವಳಿಗೆ ಊರಿಗೆ ಬಂದವಳು ಮನೆಗೂ ಬಂದಳು. ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ಸೀಗಡಿಯ ಹಾರ್ಮೋನುಗಳ ಮೇಲೆ ಕೆಲಸವಂತೆ! ಸತ್ತ ಸೀಗಡಿಯ ಕಾಲು ಕೀಳಲಾರದವಳು ಅದರ ಹಾರ್ಮೋನಿಗೆ ಹೇಗೆ ಕೈ ಹಾಕಿದಳು ಎಂದು ನನಗೆ ಸೋಜಿಗ.

ಸೋಜಿಗಕ್ಕೆ ಕಾರಣವಿದೆ. ಸೀಗಡಿಯ ಹಾರ್ಮೋನಿನ ಕಥೆ ಶುರುವಾಗುವುದೇ ಕಣ್ಣು ಕೊಯ್ಯುವುದರಿಂದ. ಅದರ ಕಣ್ಣು ಒಂದು ದಂಟಿನ ತುದಿಯಲ್ಲಿರುತ್ತದೆ. ಆ ದಂಟಿನೊಳಗಿನ ಪುಟ್ಟ ಗ್ರಂಥಿ ಎರಡು ಕೆಲಸಗಳಿಗೆ ಕಡಿವಾಣ ಹಾಕಿರುತ್ತದೆ: ಪೊರೆ ಕಳಚುವುದಕ್ಕೆ, ತತ್ತಿ ಬಲಿಯುವುದಕ್ಕೆ. ದಂಟು ಕತ್ತರಿಸಿದರೆ ತತ್ತಿ ಬೇಗ ಬಲಿಯುತ್ತದೆಂದು ಫ್ರಾನ್ಸಿನ ಪನೂಸ್ 1943ರಲ್ಲಿ ತೋರಿಸಿದರು. ಮುಂದೆ ಸೀಗಡಿಮರಿ ಮಾಡುವ ಹ್ಯಾಚರಿಗಳಿಗೆ ಇದೇ ಕಸುಬಾಯಿತು. ತಾಯಿ ಸೀಗಡಿಯ ಒಂದು ಕಣ್ಣಿನ ದಂಟನ್ನು ಚಿವುಟುತ್ತಾರೆ, ಇಲ್ಲವೆ ಕಾಯಿಸಿದ ಇಕ್ಕಳದಿಂದ ಸುಡುತ್ತಾರೆ, ಇಲ್ಲವೆ ದಾರ ಬಿಗಿಯುತ್ತಾರೆ. ಕೆಲವೇ ದಿನಗಳಲ್ಲಿ ಅದು ತತ್ತಿಗೆ ಬರುತ್ತದೆ. ಎರಡನೆಯ ಕಣ್ಣು ಬಿಡುವುದು ಕರುಣೆಯಿಂದಲ್ಲ. ಎರಡೂ ಹೋದರೆ ತಾಯಿ ಬದುಕುವುದಿಲ್ಲ, ವ್ಯಾಪಾರಕ್ಕೆ ನಷ್ಟ.

ಇನ್ನು ಹಾರ್ಮೋನನ್ನು ಶುದ್ಧವಾಗಿ ಪಡೆಯಬೇಕೆಂದರೆ ಹಿಂದಿನವರು ಜೀವಗಳನ್ನು ರಾಶಿ ರಾಶಿಯಾಗಿ ಅರೆದರು. ರಬಕವಿ-ಬನಹಟ್ಟಿಯ ಮಗ್ಗದ ಸದ್ದು ಕೇಳುತ್ತ ಬೆಳೆದ ನನಗೆ ಒಂದು ಲೆಕ್ಕ ಮರೆಯುವುದಿಲ್ಲ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ರೇಷ್ಮೆ ಪ್ಯೂಪಾಗಳಿಂದ ಪೊರೆ ಕಳಚಿಸುವ ಹಾರ್ಮೋನು ತೆಗೆದರು. ಸಿಕ್ಕದ್ದು 25 ಮಿಲಿಗ್ರಾಂ. ಸೀಗಡಿಯಲ್ಲೂ ಪೊರೆ ಕಳಚಿಸುವುದು ಅದೇ ಬಳಗದ ಹಾರ್ಮೋನು. ನನ್ನ ಅವ್ವ ಸೋಮವಾರ ಒಪ್ಪತ್ತು ಹಿಡಿಯುತ್ತಿದ್ದಳು, ಇರುವೆಯ ಸಾಲು ಕಂಡರೆ ದಾಟಿ ನಡೆಯುತ್ತಿದ್ದಳು. ಪೂಜೆಗೆಂದು ಉಡುತ್ತಿದ್ದದ್ದು ಮಾತ್ರ ರೇಷ್ಮೆ. ಆ ಹುಳುಗಳನ್ನು ಗೂಡಿನ ಸಮೇತ ಬೇಯಿಸುತ್ತಾರೆಂದು ಅವ್ವನಿಗೆ ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

“ನಾವು ಪ್ರಾಣಿ ಹಿಡಿಯಂಗಿಲ್ರಿ ಸರ್, ಜೀವಕೋಶ ಹಿಡೀತೀವಿ” ಅಂದಳು ಹುಡುಗಿ. ಹುಡುಗಿ ಅನ್ನುತ್ತೇನೆ, ತಲೆಯಲ್ಲಿ ಬಿಳಿಗೂದಲು ಬಂದಿವೆ. ಒಂದು ಪ್ರಾಣಿಯಿಂದ ಒಮ್ಮೆ ತೆಗೆದ ಜೀವಕೋಶಗಳು ತಟ್ಟೆಯಲ್ಲಿ ಒಡೆಯುತ್ತ, ಹೆಚ್ಚುತ್ತ ಮುಗಿಯದೆ ನಡೆದರೆ ಅದಕ್ಕೆ ಸೆಲ್ ಲೈನ್ ಎನ್ನುತ್ತಾರೆ. ಸೀಗಡಿಯ ಕೋಶಗಳು ಮಾತ್ರ ಹಟಮಾರಿಗಳು. ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಇದ್ದು ಸುಮ್ಮನಾಗುತ್ತವೆ. ಹಾಗಾಗಿ ಸೀಗಡಿಯ ಜೀನನ್ನು ಬೇರೊಂದು ಪ್ರಾಣಿಯ ಕೋಶದೊಳಗೆ ಬಾಡಿಗೆಗೆ ಇಡುತ್ತಾರೆ. ಯಾವ ಹಾರ್ಮೋನು ಕರೆದರೆ ಯಾವ ಗ್ರಾಹಕ ಓಗೊಡುತ್ತದೆಂದು ಅಲ್ಲಿ ನೋಡಬಹುದು. ಆ ಕರೆ ಸರಿಯಾಗಿ ಅರ್ಥವಾದರೆ, ಕಡಿವಾಣವನ್ನು ಬೇರೆ ಉಪಾಯದಿಂದ ಸಡಿಲಿಸಬಹುದು. ತಾಯಿಯ ಕಣ್ಣು ಉಳಿಯುತ್ತದೆ. ಅವಳು ಈ ಕೆಲಸಕ್ಕೆ ಬಿದ್ದದ್ದು ಅದಕ್ಕಾಗಿ. 2021ರಲ್ಲಿ ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸೀಗಡಿಯ ಕೋಶವನ್ನೂ ಒಂದು ಪತಂಗದ ಕೋಶವನ್ನೂ ಬೆಸೆದೇಬಿಟ್ಟರು.

ಆ ಪತಂಗದ ಹೆಸರು ಕೇಳಿ ನಾನು ನೆಟ್ಟಗೆ ಕೂತೆ. ಅದರ ಮರಿಯೇ ನಮ್ಮ ಸೈನಿಕ ಹುಳು. ಅಮೆರಿಕದ ಈ ಹುಳು ಭಾರತದಲ್ಲಿ ಮೊದಲು ಗೊತ್ತಾದದ್ದು 2018ರಲ್ಲಿ, ಶಿವಮೊಗ್ಗದ ಕಡೆ. ಬೀಳಗಿ ಹತ್ತಿರದ ನಮ್ಮ ಹೊಲಕ್ಕೂ ಬಂತು. ಗೋವಿನಜೋಳದ ಸುಳಿ ಸುಳಿಯೊಳಗೆ ಕೂತು ತಿಂದದ್ದನ್ನು ಕಂಡು, ನಾನೂ ತಮ್ಮನೂ ಸುಳಿಗಳಿಗೆ ಔಷಧಿ ಹೊಡೆದೆವು. ಎಷ್ಟು ಸತ್ತವೋ ಎಣಿಸಲಿಲ್ಲ. ಎಣಿಸಬೇಕೆಂದು ತೋಚಲೂ ಇಲ್ಲ. ಅದೇ ಜಾತಿಯ ಹುಳುವಿನ ಅಂಡಾಶಯದಿಂದ 1970ರ ದಶಕದಲ್ಲಿ ತೆಗೆದ ಕೋಶಗಳು ಇವತ್ತಿಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿ ಬದುಕಿವೆ, ಸೀಗಡಿಯ ಕಣ್ಣು ಉಳಿಸಲು ದುಡಿಯುತ್ತಿವೆ.

“ಎಲ್ಲೋ ಒಂದಿಷ್ಟು ಜೀವ ಹೋಗ್ಯಾವ್ರಿ, ಲಕ್ಷ ಉಳಿತಾವು” ಅಂದಳು. ಲೆಕ್ಕ ಸರಿಯೇ. ಆದರೆ 1997ರಲ್ಲಿ ಅವಳು ಕೇಳಿದ್ದು ಲೆಕ್ಕವನ್ನಲ್ಲವಲ್ಲ, ಯಾರ ಸಲುವಾಗಿ ಎಂದು ಕೇಳಿದ್ದಳು. ನಾನು ಕೊಯ್ದ ಸೀಗಡಿ ನನ್ನ ಕಣ್ಣೆದುರು ಮಲಗಿತ್ತು. ಅದರ ವಾಸನೆ ಮೂರು ದಿನ ಕೈಬಿಡುತ್ತಿರಲಿಲ್ಲ. ತಟ್ಟೆಯಲ್ಲಿನ ಕೋಶಕ್ಕೆ ಮುಖವಿಲ್ಲ, ವಾಸನೆಯಿಲ್ಲ. ಅದಕ್ಕಾಗಿ ಸತ್ತ ಹುಳು ಯಾವುದೆಂದು ಯಾರೂ ಹೇಳಲಾರರು. ಇದರಲ್ಲಿ ಹಿಂಸೆ ಕಡಿಮೆಯಾಯಿತೋ, ಬನಹಟ್ಟಿಯ ಸೀರೆಯ ಹಾಗೆ ನಮ್ಮ ಕಣ್ಣಿಂದ ದೂರವಾಯಿತೋ? ಕಡಿಮೆಯಾಯಿತು ಎಂದೇ ನಾನು ನಂಬುತ್ತೇನೆ. ನಂಬಿದ ಮೇಲೂ ಕೇಳದಿರಲಾಗಲಿಲ್ಲ.

“ಆ ಕೋಶ ಏನ ತಿಂತಾವ?”

“ಸಕ್ಕರಿ, ಉಪ್ಪು, ಅಮೈನೋ ಆಮ್ಲ…” ನಿಲ್ಲಿಸಿದಳು.

“ಮತ್ತ?”

“ಸೀರಂ ಹಾಕ್ತೀವ್ರಿ. ಗಬ್ಬದ ಆಕಳ ಕಡಿದಾಗ ಹೊಟ್ಟ್ಯಾಗಿನ ಕರುವಿನ ರಕ್ತದಿಂದ ತಗದದ್ದು.”

ಚಹಾ ಆರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಅಂದಳು: “ಸೈನಿಕ ಹುಳದ ಕೋಶಕ್ಕ ಅದಿಲ್ದನೂ ನಡಿತೈತ್ರಿ. ಸೀಗಡಿ ಕೋಶಕ್ಕ ನಮ್ಮಲ್ಲಿ ಇನ್ನೂ ಆಗವಲ್ದು. ನಾಕ ವರ್ಷ ಆತು ನೋಡಾಕತ್ತೀನಿ.” ಆ ಕರುವಿನ ವಿಷಯ ಮನೆಯಲ್ಲಿ ತಂದೆಗೆ ಹೇಳಿಲ್ಲವೆಂದಳು. ನಾನು ಅವ್ವನಿಗೆ ಹೇಳದಿದ್ದದ್ದನ್ನು ಅವಳಿಗೆ ಹೇಳಿದೆ.

ಮುಧೋಳದ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಬಾಗಿಲ ತನಕ ಹೋಗಿ, ಇಷ್ಟು ವರ್ಷ ಗಂಟಲಲ್ಲಿದ್ದ ಆ ಸೊನ್ನೆಯ ಮಾತು ಎತ್ತಿದೆ. ತಪ್ಪಾಯಿತು ಎಂದೆ.

“ಅದು ಸರಿ ಐತ್ರಿ ಸರ್. ನಾ ಏನೂ ಕೊಯ್ದಿದ್ದಿಲ್ಲಲ್ಲ” ಎಂದು ಚಪ್ಪಲಿ ಮೆಟ್ಟಿದಳು.